ಹೊಸ ಮತದಾರರು, ಸ್ವಚ್ಛ ವಿದ್ಯುತ್ತು: 2008ರಿಂದ ಈಚೆಗಿನ ಪಾಠಗಳು

ಇಂದು ಕಟ್ಟಿದ ಕಲ್ಲಿದ್ದಲು ಸ್ಥಾವರ ಕಡಿಮೆಯೆಂದರೂ ಮೂವತ್ತು–ನಲವತ್ತು ವರ್ಷ ಉರಿಯುತ್ತದೆ. ಅದಕ್ಕೆ ಸಹಿ ಹಾಕುವ ಮಂತ್ರಿ, ಅಧಿಕಾರಿಗಳಲ್ಲಿ ಬಹುತೇಕರು ನಡುವಯಸ್ಸು ದಾಟಿದವರು. ಅದರ ಹೊಗೆ, ಹಾರುಬೂದಿ, ಸಾಲದ ಕಂತು, ಬಿಸಿಯೇರುವ ಬೇಸಿಗೆ ಇವೆಲ್ಲವನ್ನೂ ಬದುಕಿನುದ್ದಕ್ಕೂ ಹೊರಬೇಕಾದವರು ಈಗಷ್ಟೇ ಹದಿನೆಂಟು ತುಂಬಿದವರು. ಆದರೆ ಮತಗಟ್ಟೆಯ ಸಾಲಿನಲ್ಲಿ ಅತಿ ಕಡಿಮೆ ಕಾಣಿಸಿಕೊಳ್ಳುವವರೂ ಇವರೇ. ಕಡ್ಡಾಯ ಮತದಾನವಿಲ್ಲದ ಬಹುತೇಕ ದೇಶಗಳಲ್ಲಿ ಯುವಕರ ಮತದಾನ ಹಿರಿಯರದಕ್ಕಿಂತ ಕಡಿಮೆ. ಮತ ಹಾಕದವರ ಚಿಂತೆಯನ್ನು ಪಕ್ಷಗಳು ಪ್ರಣಾಳಿಕೆಯ ಕೊನೆಯ ಪುಟಕ್ಕೆ ತಳ್ಳುತ್ತವೆ. ಕೊನೆಯ ಪುಟದಲ್ಲಿ ತಮ್ಮ ವಿಷಯ ಕಂಡ ಯುವಕರು ಮತ್ತೆ ಮತಗಟ್ಟೆಯಿಂದ ದೂರ ಉಳಿಯುತ್ತಾರೆ.

ಈ ಸುತ್ತನ್ನು ಮುರಿಯಲು ಈ ಶತಮಾನದಲ್ಲಿ ಹಲವು ಕಡೆ ಯುವಜನ ಸಂಘಟಿತ ಪ್ರಯತ್ನ ಮಾಡಿದ್ದಾರೆ. ಚುನಾವಣೆಯ ಕಾಲವನ್ನೇ ಆರಿಸಿಕೊಂಡು, ಗಾಳಿ ಮತ್ತು ಸೂರ್ಯನಿಂದ ಬರುವ ವಿದ್ಯುತ್ತನ್ನು ಮತದ ವಿಷಯವಾಗಿಸಲು ಹೊರಟವರ ಕಥೆಗಳಿವು. ಅಮೆರಿಕದಲ್ಲಿ ಈ ಯತ್ನ ಎಲ್ಲಕ್ಕಿಂತ ದೀರ್ಘವಾಗಿ ನಡೆದಿದೆ. ಆಸ್ಟ್ರೇಲಿಯಾ ಮತ್ತು ಜರ್ಮನಿಯ ಅನುಭವಗಳು ಬೇರೆಯೇ ಪಾಠ ಕಲಿಸುತ್ತವೆ. ಇವು ಎಷ್ಟು ಫಲ ಕೊಟ್ಟವು, ಎಲ್ಲಿ ಸೋತವು, ನಮ್ಮ ನೆಲದಲ್ಲಿ ಇವುಗಳಿಂದ ಏನು ಉಪಯೋಗ ಎಂಬುದನ್ನು ಒಟ್ಟಾಗಿ ನೋಡುವ ಪ್ರಯತ್ನವಿದು.

2008: ಕ್ಯಾಂಪಸ್ಸಿನಲ್ಲಿ ಮತದ ಪ್ರತಿಜ್ಞೆ

ಅಮೆರಿಕ ಮತ್ತು ಕೆನಡಾದ ವಿದ್ಯಾರ್ಥಿ ಗುಂಪುಗಳು 2004ರಲ್ಲಿ ‘ಎನರ್ಜಿ ಆ್ಯಕ್ಷನ್ ಕೊಯಲಿಷನ್’ ಎಂಬ ಒಕ್ಕೂಟ ಕಟ್ಟಿಕೊಂಡವು. 2007ರ ನವೆಂಬರಿನಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಅದು ನಡೆಸಿದ ‘ಪವರ್ ಶಿಫ್ಟ್’ ಸಮಾವೇಶಕ್ಕೆ 5,000ಕ್ಕೂ ಹೆಚ್ಚು ಯುವಕ–ಯುವತಿಯರು ಬಂದಿದ್ದರು. ಮರುವರ್ಷ ಅಧ್ಯಕ್ಷೀಯ ಚುನಾವಣೆ. ಒಕ್ಕೂಟ ‘ಪವರ್ ವೋಟ್’ ಎಂಬ ಆಂದೋಲನ ಆರಂಭಿಸಿತು. ಸ್ವಚ್ಛ ಮತ್ತು ನ್ಯಾಯಯುತ ಇಂಧನಕ್ಕಾಗಿ ಮತ ಹಾಕುತ್ತೇನೆ ಎಂದು 10 ಲಕ್ಷ ಯುವಕರಿಂದ ಬರೆಸಿಕೊಳ್ಳುವುದು ಅದರ ಗುರಿ.

ಕಾಲ ಅನುಕೂಲವಾಗಿಯೇನೂ ಇರಲಿಲ್ಲ. ಆ ಜುಲೈನಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತ್ತು. ರಿಪಬ್ಲಿಕನ್ ಸಮಾವೇಶದಲ್ಲಿ ‘ಕೊರೆಯಿರಿ, ಇನ್ನೂ ಕೊರೆಯಿರಿ’ ಎಂಬ ಘೋಷಣೆ ಮೊಳಗಿತು. ಕಲ್ಲಿದ್ದಲು ಉದ್ಯಮ ‘ಸ್ವಚ್ಛ ಕಲ್ಲಿದ್ದಲು’ ಎಂದು ಜಾಹೀರಾತಿಗೆ ದುಡ್ಡು ಸುರಿಯುತ್ತಿತ್ತು. ಯುವಕರ ಬಳಿ ಇದ್ದದ್ದು ಕ್ಯಾಂಪಸ್ಸಿನ ಮೇಜು, ಪ್ರತಿಜ್ಞೆಯ ಚೀಟಿ, ಫೋನ್ ನಂಬರುಗಳ ಪಟ್ಟಿ. ಕ್ಯಾಂಟೀನಿನ ಬಾಗಿಲಲ್ಲಿ, ಹಾಸ್ಟೆಲ್ ಕಾರಿಡಾರಿನಲ್ಲಿ ನಿಂತು ಮಾತಾಡಿಸುವುದು, ಸಹಿ ಪಡೆಯುವುದು, ಮತದಾರರ ಪಟ್ಟಿಗೆ ಹೆಸರು ಸೇರಿಸಲು ನೆರವಾಗುವುದು, ಚುನಾವಣೆ ಹತ್ತಿರವಾದಾಗ ನೆನಪಿಸುವುದು: ಕೆಲಸ ಇಷ್ಟೇ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ನೋಂದಣಿಯ ನಿಯಮ ಬೇರೆ, ಗಡುವು ಬೇರೆ. ಮನೆ ಬಿಟ್ಟು ದೂರ ಓದುವ ವಿದ್ಯಾರ್ಥಿ ಎಲ್ಲಿ ಮತ ಹಾಕಬೇಕು ಎಂದು ಬಿಡಿಸಿ ಹೇಳುವುದೇ ಅರ್ಧ ಕೆಲಸವಾಗಿತ್ತು.

ಕಾನೂನಿನ ಕಟ್ಟುಪಾಡು ಇನ್ನೊಂದು ಕಡೆ. ತೆರಿಗೆ ವಿನಾಯಿತಿ ಪಡೆದ ಸೇವಾ ಸಂಸ್ಥೆಗಳು ಯಾವ ಅಭ್ಯರ್ಥಿಯ ಪರವಾಗಿಯೂ ಪ್ರಚಾರ ಮಾಡುವಂತಿಲ್ಲ ಎಂಬ ನಿಯಮ ಅಲ್ಲಿ 1954ರಿಂದ ಇದೆ. ಹಾಗಾಗಿ ಪ್ರತಿಜ್ಞೆಯಲ್ಲಿ ಪಕ್ಷದ ಹೆಸರಿಲ್ಲ, ಅಭ್ಯರ್ಥಿಯ ಹೆಸರಿಲ್ಲ, ವಿಷಯ ಮಾತ್ರ. ಇದರಿಂದ ಎಲ್ಲ ಒಲವಿನ ವಿದ್ಯಾರ್ಥಿಗಳ ಜೊತೆಗೂ ಮಾತು ಸಾಧ್ಯವಾಯಿತು. ಆದರೆ ಗೆದ್ದವರನ್ನು ಮಾತಿಗೆ ಕಟ್ಟಿಹಾಕುವ ಹಿಡಿತ ಸಡಿಲವಾಯಿತು.

ಕೊನೆಗೆ ಸೇರಿದ ಸಹಿಗಳು ಮೂರು ಲಕ್ಷಕ್ಕೂ ಹೆಚ್ಚು. ಗುರಿ ಮುಟ್ಟಲಿಲ್ಲವಾದರೂ ಸಣ್ಣ ಸಂಖ್ಯೆಯಲ್ಲ. 18ರಿಂದ 29 ವಯಸ್ಸಿನವರಲ್ಲಿ ಶೇ 66 ಮಂದಿ ಬರಾಕ್ ಒಬಾಮಾಗೆ ಮತ ಹಾಕಿದರು. ಹತ್ತು ವರ್ಷಗಳಲ್ಲಿ 15,000 ಕೋಟಿ ಡಾಲರ್ ಹೂಡಿ ಸ್ವಚ್ಛ ಇಂಧನದಲ್ಲಿ 50 ಲಕ್ಷ ಉದ್ಯೋಗ ಸೃಷ್ಟಿಸುವುದು ಅವರ ಭರವಸೆಯಾಗಿತ್ತು. ಆದರೂ ಇಂಧನವೇ ಯುವಕರನ್ನು ಮತಗಟ್ಟೆಗೆ ಕರೆತಂದಿತು ಎಂದು ಹೇಳಿದರೆ ತಪ್ಪಾಗುತ್ತದೆ. ಮತಗಟ್ಟೆ ಸಮೀಕ್ಷೆಯಲ್ಲಿ ಶೇ 63 ಮತದಾರರು ಆರ್ಥಿಕತೆಯೇ ಮುಖ್ಯ ಎಂದಿದ್ದರು. ಇಂಧನ ಎಂದವರು ಶೇ 7 ಮಾತ್ರ. ಆ ಸೆಪ್ಟೆಂಬರಿನಲ್ಲಿ ಲೆಹ್‌ಮನ್ ಬ್ರದರ್ಸ್ ಬ್ಯಾಂಕು ದಿವಾಳಿಯಾಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ಗೆದ್ದ ಮೇಲೆ ಬಂದ ಸೋಲು

ಪವರ್ ವೋಟ್‌ನವರು ಚುನಾವಣೆ ಮುಗಿಯಿತೆಂದು ಮನೆಗೆ ಹೋಗಲಿಲ್ಲ. 2009ರ ಫೆಬ್ರುವರಿ ಕೊನೆಯಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಎರಡನೆಯ ಪವರ್ ಶಿಫ್ಟ್‌ಗೆ ಸುಮಾರು 12,000 ಮಂದಿ ಬಂದರು. ತಮ್ಮ ತಮ್ಮ ಕ್ಷೇತ್ರದ ಸಂಸದರ ಕಚೇರಿಗಳಿಗೆ ಹೋಗಿ ಮಾತಾಡಿದರು. ಸಂಸತ್ ಭವನಕ್ಕೆ ಶಾಖ ಒದಗಿಸುತ್ತಿದ್ದ ಕಲ್ಲಿದ್ದಲು ಸ್ಥಾವರದ ಮುಂದೆ ಮಾರ್ಚ್ 2ರಂದು ಹಿಮದಲ್ಲಿ ನಿಂತು ಪ್ರತಿಭಟಿಸಿದರು. ಅದಕ್ಕೆ ಕೆಲವೇ ದಿನ ಮೊದಲು ಸಂಸತ್ತಿನ ನಾಯಕರಾದ ನ್ಯಾನ್ಸಿ ಪೆಲೋಸಿ, ಹ್ಯಾರಿ ರೀಡ್ ಆ ಸ್ಥಾವರವನ್ನು ನೈಸರ್ಗಿಕ ಅನಿಲಕ್ಕೆ ಬದಲಿಸುವಂತೆ ಪತ್ರ ಬರೆದಿದ್ದರು.

ಆರ್ಥಿಕ ಚೇತರಿಕೆಯ ಕಾಯ್ದೆಯಲ್ಲಿ ಸ್ವಚ್ಛ ಇಂಧನಕ್ಕೆ ಸುಮಾರು 9,000 ಕೋಟಿ ಡಾಲರ್ ಸಿಕ್ಕಿತು. ಮುಖ್ಯ ಬೇಡಿಕೆಯಾಗಿದ್ದ ಹವಾಮಾನ ಮಸೂದೆ ಜೂನ್ 26ರಂದು ಕೆಳಮನೆಯಲ್ಲಿ 219–212 ಮತಗಳಿಂದ ಪಾಸಾಯಿತು. ಆದರೆ ಸೆನೆಟ್‌ನಲ್ಲಿ ಅದು ಮತಕ್ಕೇ ಬರಲಿಲ್ಲ. 2010ರ ಜುಲೈನಲ್ಲಿ ನಾಯಕರು ಅದನ್ನು ಕೈಬಿಟ್ಟರು. ಆ ನವೆಂಬರಿನ ಮಧ್ಯಂತರ ಚುನಾವಣೆಯಲ್ಲಿ ಕೆಳಮನೆ ರಿಪಬ್ಲಿಕನ್ನರ ಪಾಲಾಯಿತು. 2008ರಲ್ಲಿ ಸುಮಾರು ಅರ್ಧದಷ್ಟು ಯುವಕರು ಮತ ಹಾಕಿದ್ದರೆ, 2010ರಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಮಾತ್ರ ಬಂದರು. ಅಧ್ಯಕ್ಷರ ಚುನಾವಣೆಗೆ ಇದ್ದ ಉತ್ಸಾಹ ಶಾಸನ ರೂಪಿಸುವವರ ಚುನಾವಣೆಗೆ ಇರಲಿಲ್ಲ. ಈ ಇಡೀ ಇತಿಹಾಸದಲ್ಲಿ ನನಗೆ ಬಹುಮುಖ್ಯವಾಗಿ ಕಾಣುವ ಪಾಠ ಇದೇ.

ಸನ್‌ರೈಸ್: ಒಳಚುನಾವಣೆಯ ದಾರಿ

2017ರಲ್ಲಿ ಹುಟ್ಟಿದ ‘ಸನ್‌ರೈಸ್ ಮೂವ್‌ಮೆಂಟ್’ ಈ ಸೋಲನ್ನು ಓದಿಕೊಂಡೇ ಹೊರಟಿತು. ಅದರ ಸಹಸ್ಥಾಪಕರಲ್ಲಿ ಭಾರತೀಯ ಮೂಲದ ವರ್ಷಿಣಿ ಪ್ರಕಾಶ್ ಒಬ್ಬರು. ಇವರು ಹೆಸರಿಲ್ಲದ ಪ್ರತಿಜ್ಞೆಗೆ ನಿಲ್ಲದೆ, ಹೆಸರು ಹಿಡಿದು ಅಭ್ಯರ್ಥಿಗಳನ್ನು ಬೆಂಬಲಿಸಿದರು, ವಿರೋಧಿಸಿದರು. ಇಂಗಾಲದ ಲೆಕ್ಕದ ಬದಲು ಉದ್ಯೋಗ, ಮನೆ, ಕೂಲಿಯ ಮಾತಾಡಿದರು. 2018ರ ಮಧ್ಯಂತರ ಚುನಾವಣೆ ಮುಗಿದ ಒಂದೇ ವಾರಕ್ಕೆ, ನವೆಂಬರ್ 13ರಂದು, ಗೆದ್ದ ಪಕ್ಷದ ನಾಯಕಿ ಪೆಲೋಸಿ ಅವರ ಕಚೇರಿಯಲ್ಲೇ ಧರಣಿ ಕೂತರು. ಆಗಷ್ಟೇ ಆಯ್ಕೆಯಾಗಿದ್ದ ಅಲೆಕ್ಸಾಂಡ್ರಿಯಾ ಒಕಾಸಿಯೊ ಕಾರ್ಟೆಜ್ ಅಲ್ಲಿಗೆ ಬಂದು ಬೆಂಬಲ ಸೂಚಿಸಿದರು. 2019ರ ಫೆಬ್ರುವರಿಯಲ್ಲಿ ಅವರೂ ಸೆನೆಟರ್ ಎಡ್ ಮಾರ್ಕಿಯೂ ‘ಗ್ರೀನ್ ನ್ಯೂ ಡೀಲ್’ ನಿರ್ಣಯ ಮಂಡಿಸಿದರು.

ಸನ್‌ರೈಸ್ ಕಂಡುಕೊಂಡ ಮುಖ್ಯ ಸಂಗತಿ ಅಭ್ಯರ್ಥಿಯನ್ನು ಆರಿಸಲು ಪಕ್ಷದೊಳಗೆ ನಡೆಯುವ ಚುನಾವಣೆಯ ಬಲ. ಅಲ್ಲಿ ಮತ ಹಾಕುವವರು ಕಡಿಮೆ, ಆದ್ದರಿಂದ ಒಂದೊಂದು ಮತದ ತೂಕ ಹೆಚ್ಚು. 2020ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಕೆನಡಿ ಮನೆತನದ ಜೋ ಕೆನಡಿ ವಿರುದ್ಧ ಮಾರ್ಕಿ ಸೋಲುತ್ತಾರೆ ಎಂದು ಬಹಳ ಮಂದಿ ನಂಬಿದ್ದರು. ಕೋವಿಡ್ ಕಾಲದಲ್ಲಿ ಮನೆಯಿಂದಲೇ ಫೋನ್ ಮಾಡುತ್ತ ಯುವಕರು ಎಪ್ಪತ್ತು ದಾಟಿದ ಆ ಸೆನೆಟರನ್ನು ಗೆಲ್ಲಿಸಿದರು. ಅದೇ ಗುಂಪು ಮೊದಲಿಗೆ ಜೋ ಬೈಡನ್ ಅವರ ಹವಾಮಾನ ಯೋಜನೆಗೆ ನಪಾಸು ಅಂಕ ಕೊಟ್ಟಿತ್ತು. ಬೈಡನ್ ಅಭ್ಯರ್ಥಿಯಾದ ಮೇಲೆ ಅವರ ಹವಾಮಾನ ಸಮಿತಿಯಲ್ಲಿ ವರ್ಷಿಣಿ ಪ್ರಕಾಶ್ ಕೂತರು. ಆ ಜುಲೈನಲ್ಲಿ ಹೊರಬಂದ ಯೋಜನೆಯಲ್ಲಿ 2035ಕ್ಕೆ ಇಂಗಾಲರಹಿತ ವಿದ್ಯುತ್ತಿನ ಗುರಿ ಇತ್ತು. ಯುವಕರ ಮತದಾನ 2016ರ ಶೇ 39ರಿಂದ ಶೇ 50ಕ್ಕೆ ಏರಿತು.

ಫಲವಾಗಿ ಬಂದದ್ದು 2022ರ ಆಗಸ್ಟ್ 16ರಂದು ಸಹಿಯಾದ ಹಣದುಬ್ಬರ ಇಳಿಕೆ ಕಾಯ್ದೆ. ಇಂಧನ ಮತ್ತು ಹವಾಮಾನಕ್ಕೆ ಅದರಲ್ಲಿ ಸುಮಾರು 36,900 ಕೋಟಿ ಡಾಲರ್ ಇತ್ತು. ಸೆನೆಟ್‌ನಲ್ಲಿ 50–50 ಸಮವಾಗಿ, ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅವರ ನಿರ್ಣಾಯಕ ಮತದಿಂದ ಅದು ಪಾಸಾಯಿತು. 2010ರಲ್ಲಿ ಸತ್ತ ಮಸೂದೆ ಮಾಲಿನ್ಯಕ್ಕೆ ದರ ಕಟ್ಟುತ್ತಿತ್ತು. ಈ ಕಾಯ್ದೆ ಸೌರ ಫಲಕ, ಗಾಳಿಗಿರಣಿ, ಬ್ಯಾಟರಿ ಕಾರ್ಖಾನೆಗಳಿಗೆ ತೆರಿಗೆ ರಿಯಾಯಿತಿ ಕೊಟ್ಟಿತು. ದಂಡದ ಬದಲು ಲಾಭ ತೋರಿಸಿದರೆ ವಿರೋಧ ತಗ್ಗುತ್ತದೆ, ಕಾರ್ಖಾನೆ ಬಂದ ಊರು ಕಾಯ್ದೆಯನ್ನು ಕಾಪಾಡುತ್ತದೆ ಎಂಬ ಲೆಕ್ಕಾಚಾರವಿತ್ತು. ಹೂಡಿಕೆಯ ದೊಡ್ಡ ಪಾಲು ರಿಪಬ್ಲಿಕನ್ ಕ್ಷೇತ್ರಗಳಿಗೇ ಹೋಯಿತು.

ಆದರೂ ಕಾಯ್ದೆ ಪೂರ್ತಿ ಉಳಿಯಲಿಲ್ಲ. 2023ರ ಮಾರ್ಚ್‌ನಲ್ಲಿ ಅಲಾಸ್ಕಾದ ವಿಲೋ ತೈಲ ಯೋಜನೆಗೆ ಬೈಡನ್ ಸರ್ಕಾರ ಒಪ್ಪಿಗೆ ಕೊಟ್ಟಾಗ ಯುವಕರ ವಿಶ್ವಾಸಕ್ಕೆ ಪೆಟ್ಟು ಬಿತ್ತು. 2024ರ ಹೊತ್ತಿಗೆ ದಿನಸಿ ಬೆಲೆ, ಬಾಡಿಗೆ ಮುಂದೆ ಬಂದವು. ಯುವಕರಲ್ಲಿ ಡೆಮಾಕ್ರಟಿಕ್ ಪಕ್ಷದ ಮುನ್ನಡೆ ಬಹಳ ಕುಗ್ಗಿತು. 2025ರ ಜುಲೈ 4ರಂದು ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ಕಾಯ್ದೆ ಗಾಳಿ ಮತ್ತು ಸೌರ ವಿದ್ಯುತ್ತಿನ ರಿಯಾಯಿತಿಗಳನ್ನು ಬೇಗನೆ ಮುಗಿಸಿತು. ಐದು ವರ್ಷದ ಶ್ರಮದ ಫಲವನ್ನು ಒಂದು ಚುನಾವಣೆ ಅರ್ಧಕ್ಕೆ ತಂದಿತು.

ಆಸ್ಟ್ರೇಲಿಯಾ, ಜರ್ಮನಿ

ಆಸ್ಟ್ರೇಲಿಯಾದಲ್ಲಿ ಮತದಾನ ಕಡ್ಡಾಯ, 1924ರಿಂದಲೂ ಹಾಗೇ. ಅಲ್ಲಿ ಯುವಕರನ್ನು ಮತಗಟ್ಟೆಗೆ ಎಳೆದು ತರುವ ಕಷ್ಟ ಕಡಿಮೆ. ಯಾರಿಗೆ, ಏಕೆ ಎಂಬುದನ್ನು ತಿರುಗಿಸುವುದೇ ಕೆಲಸ. 2006ರಲ್ಲಿ ಆರಂಭವಾದ ಆಸ್ಟ್ರೇಲಿಯಾ ಯುವ ಹವಾಮಾನ ಒಕ್ಕೂಟ ಮರುವರ್ಷದ ಚುನಾವಣೆಯ ಹೊತ್ತಿಗೇ ಕ್ರಿಯಾಶೀಲವಾಗಿತ್ತು. ಆ ಚುನಾವಣೆಯಲ್ಲಿ ಗೆದ್ದ ಕೆವಿನ್ ರಡ್ ಡಿಸೆಂಬರ್ 3ರಂದು ಕ್ಯೋಟೊ ಒಪ್ಪಂದಕ್ಕೆ ಅನುಮೋದನೆ ಕೊಟ್ಟರು. 2012ರಲ್ಲಿ ಬಂದ ಇಂಗಾಲದ ದರವನ್ನು 2014ರಲ್ಲಿ ಟೋನಿ ಆಬಟ್ ಸರ್ಕಾರ ರದ್ದು ಮಾಡಿತು.

2019ರ ಚುನಾವಣೆ ಬೇರೊಂದು ಕಾರಣಕ್ಕೆ ನೆನಪಿಡಬೇಕಾದದ್ದು. ಕ್ವೀನ್ಸ್‌ಲ್ಯಾಂಡಿನಲ್ಲಿ ನಮ್ಮ ದೇಶದ ಅದಾನಿ ಸಮೂಹದ ಕಾರ್ಮೈಕಲ್ ಗಣಿಯ ವಿರುದ್ಧ ಹೊರರಾಜ್ಯದಿಂದ ವಾಹನಗಳ ಮೆರವಣಿಗೆ ಹೋಯಿತು. ಗಣಿ ಊರಿನ ಜನ ತಮ್ಮ ಅನ್ನಕ್ಕೆ ಕಲ್ಲು ಬಿತ್ತೆಂದು ಕೆರಳಿದರು. ಆ ರಾಜ್ಯದಲ್ಲಿ ಲೇಬರ್ ಪಕ್ಷ ನೆಲಕಚ್ಚಿತು. ಗಣಿಯಿಂದ ಮೊದಲ ಕಲ್ಲಿದ್ದಲು 2021ರ ಕೊನೆಯಲ್ಲಿ ಹೊರಬಂತು. ಕೆಲಸ ಕಳೆದುಕೊಳ್ಳುವವನ ಎದುರು ನಿಂತು ಬದಲಿ ಕೆಲಸದ ಮಾತಾಡದೆ ಭೂಮಿಯ ಭವಿಷ್ಯದ ಮಾತಾಡಿದರೆ ಅವನು ಕೇಳುವುದಿಲ್ಲ. ಕಾಳ್ಗಿಚ್ಚು, ನೆರೆಗಳನ್ನು ಕಂಡ ನಂತರ 2022ರಲ್ಲಿ ನಗರಗಳ ಶ್ರೀಮಂತ ಕ್ಷೇತ್ರಗಳಲ್ಲೂ ಹವಾಮಾನದ ಪರ ಪಕ್ಷೇತರರು ಗೆದ್ದರು. 2030ಕ್ಕೆ ಶೇ 43 ಇಂಗಾಲ ಕಡಿತದ ಗುರಿ ಕಾನೂನಾಯಿತು.

ಜರ್ಮನಿಯಲ್ಲಿ ‘ಫ್ರೈಡೇಸ್ ಫಾರ್ ಫ್ಯೂಚರ್’ ಎಂಬ ಯುವ ಆಂದೋಲನ ನ್ಯಾಯಾಲಯ ಮತ್ತು ಬೀದಿ ಎರಡನ್ನೂ ಬಳಸಿತು. 2021ರ ಏಪ್ರಿಲ್‌ನಲ್ಲಿ ಸಂವಿಧಾನ ನ್ಯಾಯಾಲಯ ಹವಾಮಾನ ಕಾನೂನಿನ ಕೆಲವು ಭಾಗಗಳು ಮುಂದಿನ ಪೀಳಿಗೆಯ ಸ್ವಾತಂತ್ರ್ಯಕ್ಕೆ ಧಕ್ಕೆ ತರುತ್ತವೆ ಎಂದಿತು. ಚುನಾವಣೆ ಎದುರಿಗಿದ್ದುದರಿಂದ ಸರ್ಕಾರ ಕೆಲವೇ ತಿಂಗಳಲ್ಲಿ ಇಂಗಾಲ ಸಮತೋಲನದ ಗುರಿಯನ್ನು 2050ರಿಂದ 2045ಕ್ಕೆ ಹಿಂದೆ ತಂದಿತು. ಮತದಾನಕ್ಕೆ ಎರಡು ದಿನ ಮೊದಲು, ಸೆಪ್ಟೆಂಬರ್ 24ರಂದು, ನೂರಾರು ಊರುಗಳಲ್ಲಿ ಮೆರವಣಿಗೆ ನಡೆಯಿತು. ಆದರೆ ಮೊದಲ ಬಾರಿ ಮತ ಹಾಕಿದವರಲ್ಲಿ ಹಸಿರು ಪಕ್ಷಕ್ಕೆ ಸಿಕ್ಕಷ್ಟೇ ಮತ ಮುಕ್ತ ಮಾರುಕಟ್ಟೆಯ ಪಕ್ಷಕ್ಕೂ ಸಿಕ್ಕಿತು. 2024ರ ಐರೋಪ್ಯ ಸಂಸತ್ ಚುನಾವಣೆಯಲ್ಲಿ 16 ವರ್ಷದವರಿಗೂ ಮತದ ಹಕ್ಕು ಬಂತು. ಅಷ್ಟರಲ್ಲಿ 24ರೊಳಗಿನವರಲ್ಲಿ ಹಸಿರು ಪಕ್ಷದ ಪಾಲು ಹಿಂದಿನ ಐರೋಪ್ಯ ಚುನಾವಣೆಯ ಸುಮಾರು ಶೇ 34ರಿಂದ 11ಕ್ಕೆ ಕುಸಿದಿತ್ತು. ಉಕ್ರೇನ್ ಯುದ್ಧ, ಅನಿಲದ ಬೆಲೆ, ಮನೆ ಬಿಸಿ ಮಾಡುವ ಉಪಕರಣಗಳ ಕುರಿತ 2023ರ ಕಾನೂನಿನ ಗದ್ದಲ, ಬಾಡಿಗೆಯ ಹೊರೆ ಇವೆಲ್ಲ ಒಟ್ಟಾಗಿ ಕೆಲಸ ಮಾಡಿದವು. ಯುವಕರ ಮತ ಎಂದೆಂದಿಗೂ ಸ್ವಚ್ಛ ಇಂಧನದ ಕಡೆಗೇ ಎಂದು ಯಾರೂ ನಂಬಿ ಕೂರುವಂತಿಲ್ಲ.

ನಮ್ಮ ನೆಲದಲ್ಲಿ

ಭಾರತದಲ್ಲಿ ಮತದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 61ನೆಯ ತಿದ್ದುಪಡಿಯಿಂದ, 1989ರಲ್ಲಿ. 2024ರ ಲೋಕಸಭಾ ಚುನಾವಣೆಯ ಪಟ್ಟಿಯಲ್ಲಿ 18–19 ವಯಸ್ಸಿನವರು 1.8 ಕೋಟಿಗೂ ಹೆಚ್ಚು. ಜನಸಂಖ್ಯೆಯ ಅಂದಾಜಿಗೆ ಹೋಲಿಸಿದರೆ ಇದು ಅರ್ಹರ ಅರ್ಧಕ್ಕಿಂತ ಕಡಿಮೆ. ಪವರ್ ವೋಟ್‌ನಂಥ ಆಂದೋಲನ ಇಲ್ಲಿ ಬೇರು ಬಿಟ್ಟಿಲ್ಲ. ಬಿಡಲು ಹೊರಟವರಿಗೆ ಅಡ್ಡಿಗಳೂ ಬಂದಿವೆ: 2020ರಲ್ಲಿ ಪರಿಸರ ಪರಿಣಾಮ ಅಧಿಸೂಚನೆಯ ಕರಡನ್ನು ವಿರೋಧಿಸಿದ ಯುವಕರ ಜಾಲತಾಣವನ್ನು ತಡೆಹಿಡಿಯಲಾಯಿತು, 2021ರ ಫೆಬ್ರುವರಿಯಲ್ಲಿ ರೈತ ಹೋರಾಟದ ಮಾಹಿತಿ ಕಡತವೊಂದರ ನೆಪದಲ್ಲಿ ಬೆಂಗಳೂರಿನ ದಿಶಾ ರವಿ ಬಂಧನಕ್ಕೊಳಗಾದರು, ದೆಹಲಿಯ ನ್ಯಾಯಾಲಯ ಕೆಲವೇ ದಿನಗಳಲ್ಲಿ ಜಾಮೀನು ಕೊಟ್ಟಿತು.

ಚುನಾವಣೆಯಲ್ಲಿ ವಿದ್ಯುತ್ತು ನಮಗೆ ಹೊಸ ವಿಷಯವಲ್ಲ. ಆದರೆ ಅದು ಬರುವುದು ಬಿಲ್ಲಿನ ರೂಪದಲ್ಲಿ. ಕರ್ನಾಟಕದ 2023ರ ವಿಧಾನಸಭಾ ಚುನಾವಣೆಯಲ್ಲಿ ಗೃಹಜ್ಯೋತಿಯ ಭರವಸೆ ಮುಖ್ಯವಾಗಿತ್ತು; ಆ ಆಗಸ್ಟ್‌ನಿಂದ 200 ಯೂನಿಟ್‌ವರೆಗೆ, ಹಿಂದಿನ ಸರಾಸರಿಗೆ ಶೇ 10 ಸೇರಿಸಿ, ಬಿಲ್ಲು ಶೂನ್ಯವಾಯಿತು. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ 1 ಕೋಟಿ ಮನೆಗಳ ಚಾವಣಿಗೆ ಸೌರ ಫಲಕ ಹಾಕುವ ಪಿಎಂ ಸೂರ್ಯಘರ್ ಯೋಜನೆ ತಂದಿತು. ಎರಡೂ ಬಡವರ ಮನೆಗೆ ಒಳ್ಳೆಯದನ್ನೇ ಬಯಸುತ್ತವೆ. ಆದರೆ ಬಿಲ್ಲೇ ಬಾರದ ಮನೆಯವರು ಚಾವಣಿಗೆ ಫಲಕ ಹಾಕಿಸಲು ಕೈಯಿಂದ ದುಡ್ಡು ಏಕೆ ಹಾಕುತ್ತಾರೆ? ಗೃಹಜ್ಯೋತಿಗಾಗಿ ವಿದ್ಯುತ್ ಸರಬರಾಜು ಕಂಪನಿಗಳಿಗೆ (ಎಸ್ಕಾಂ) ಸರ್ಕಾರ ಕಟ್ಟುವ ಹಣದ ಒಂದು ಭಾಗವನ್ನು ಅದೇ ಮನೆಗಳ ಚಾವಣಿಗೆ ಹೂಡಿದರೆ ಹೇಗೆ ಎಂದು ಮತ ಕೇಳಲು ಬಂದವರನ್ನು ಕೇಳಬಹುದಿತ್ತು. ಕೇಳಲು ಸಂಘಟನೆ ಬೇಕು, ಅದು ಇರಲಿಲ್ಲ.

ಸ್ವಚ್ಛ ಎಂದ ಮಾತ್ರಕ್ಕೆ ನ್ಯಾಯವಾಗುವುದಿಲ್ಲ ಎಂಬುದನ್ನೂ ಕರ್ನಾಟಕ ಚೆನ್ನಾಗಿ ಬಲ್ಲದು. ಪಾವಗಡದ ಸೌರ ಉದ್ಯಾನ 13,000 ಎಕರೆಯಲ್ಲಿ ಹರಡಿದ 2,050 ಮೆಗಾವಾಟ್ ಸ್ಥಾವರ. ಜಮೀನು ರೈತರ ಹೆಸರಲ್ಲೇ ಉಳಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಭೂಸ್ವಾಧೀನಕ್ಕಿಂತ ಇದು ಎಷ್ಟೋ ಮೇಲು. ಆದರೆ ಜಮೀನಿಲ್ಲದ ಕೂಲಿಕಾರರಿಗೆ ಗುತ್ತಿಗೆ ಹಣವೂ ಇಲ್ಲ, ಹೊಲದ ಕೆಲಸವೂ ಇಲ್ಲ. ಕುರಿ ಮೇಯಿಸುವವರಿಗೆ ಬಯಲು ಹೋಯಿತು. ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ನವೀಕರಿಸಬಹುದಾದ ಇಂಧನದ ಹೆಸರಿನಲ್ಲೇ ಮುಂದಿಡಲಾಗಿದೆ. ಅದು ಸಿಂಗಳೀಕಗಳ ಅಭಯಾರಣ್ಯದ ಒಳಗೆ ಬರುತ್ತದೆ ಎಂದು ಮಲೆನಾಡಿನ ಜನ ವಿರೋಧಿಸುತ್ತಿದ್ದಾರೆ. ಇಂಥ ಪ್ರಶ್ನೆಗಳಿಗೆ ‘ಕಲ್ಲಿದ್ದಲು ಬೇಡ’ ಎಂಬ ಒಂದೇ ಘೋಷಣೆ ಸಾಲದು.

ಒಟ್ಟಾರೆ ತಿಳಿಯುವುದು

ಮೊದಲನೆಯದು, ಎದುರಾಬದುರು ಮಾತಿಗಿರುವ ಬಲ. ಯೇಲ್ ವಿಶ್ವವಿದ್ಯಾಲಯದ ಅಲನ್ ಗರ್ಬರ್, ಡೊನಾಲ್ಡ್ ಗ್ರೀನ್ 1998ರಲ್ಲಿ ನ್ಯೂ ಹೇವನ್ ನಗರದಲ್ಲಿ ಸುಮಾರು 30,000 ಮತದಾರರ ನಡುವೆ ಪ್ರಯೋಗ ಮಾಡಿದರು. ಮನೆಬಾಗಿಲಿಗೆ ಹೋಗಿ ಮಾತಾಡಿಸಿದಾಗ ಮತದಾನ ಗಣನೀಯವಾಗಿ ಏರಿತು. ವೃತ್ತಿಪರರ ಫೋನ್ ಕರೆಯಿಂದ ಏರಲಿಲ್ಲ. ಸಹಿ ಸಂಗ್ರಹ ಆರಂಭ ಮಾತ್ರ. ಸಹಿ ಹಾಕಿದವರ ಬಳಿಗೆ ಮತ್ತೆ ಹೋಗುವುದರಲ್ಲಿ ಫಲವಿದೆ.

ಎರಡನೆಯದು, ಸಣ್ಣ ಚುನಾವಣೆಗಳ ಮಹತ್ವ. ಅಮೆರಿಕದ ಕೆಲವು ರಾಜ್ಯಗಳಲ್ಲಿ ವಿದ್ಯುತ್ ದರ ನಿಗದಿ ಮಾಡುವ ಆಯೋಗದ ಸದಸ್ಯರನ್ನು ಜನರೇ ಆರಿಸುತ್ತಾರೆ. 2025ರ ನವೆಂಬರಿನಲ್ಲಿ ಜಾರ್ಜಿಯಾದಲ್ಲಿ ಬಿಲ್ ಏರಿಕೆಯೇ ಮುಖ್ಯ ವಿಷಯವಾಗಿ, ಅಂಥ ಎರಡು ಸ್ಥಾನಗಳು ಆಳುವ ಪಕ್ಷದ ಕೈತಪ್ಪಿದವು. ಯಾವ ಸ್ಥಾವರ ಕಟ್ಟಬೇಕು, ಖರ್ಚು ಯಾರ ತಲೆಗೆ ಎಂಬುದು ತೀರ್ಮಾನವಾಗುವುದು ಇಂಥ ಕಡೆಗಳಲ್ಲೇ.

ಮೂರನೆಯದು, ಕಾಲೇಜಿನ ಹೊರಗಿರುವ ಯುವಕರು. ಪವರ್ ವೋಟ್‌ನಿಂದ ಹಿಡಿದು ಇಂಥ ಬಹುತೇಕ ಆಂದೋಲನಗಳ ನೆಲೆ ಕ್ಯಾಂಪಸ್ಸು. ಲೈನ್‌ಮನ್ ಆಗಬಯಸುವ ಐಟಿಐ ಹುಡುಗ, ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿ, ರಾತ್ರಿ ಮೂರು ಗಂಟೆಗೆ ತ್ರೀ ಫೇಸ್ ಬಂತೆಂದು ಹೊಲಕ್ಕೆ ನೀರು ಹಾಯಿಸಲು ಹೋಗುವ ರೈತನ ಮಗ ಇವರೆಲ್ಲ ಒಳಗೆ ಬಂದಾಗ ಮಾತ್ರ ಬೇಡಿಕೆಗೆ ಸಂಖ್ಯೆಯ ಬಲವೂ ಬದುಕಿನ ತಿಳಿವೂ ಬರುತ್ತವೆ. ಹಗಲು ಹೊತ್ತು ಪಂಪ್‌ಸೆಟ್‌ಗೆ ಸೌರ ವಿದ್ಯುತ್ತು ಎಂಬುದು ಹಳ್ಳಿಯ ಯುವಕನಿಗೆ ಹವಾಮಾನದ ಮಾತಲ್ಲ, ನಿದ್ದೆಯ ಮಾತು, ಹಾವು ಕಡಿತದಿಂದ ಪಾರಾಗುವ ಮಾತು.

ನಾಲ್ಕನೆಯದು, ಚುನಾವಣೆಯ ಮರುದಿನದ ಸಂಘಟನೆ. 2008ರ ನಂತರ ಅಮೆರಿಕದಲ್ಲಿ ಆದದ್ದು, 2021ರ ನಂತರ ಜರ್ಮನಿಯಲ್ಲಿ ಆದದ್ದು ಒಂದೇ: ಪ್ರಣಾಳಿಕೆ ಬದಲಾಯಿತು, ಮಸೂದೆ, ಕಾಯ್ದೆಗಳೂ ಬಂದವು, ಆದರೆ ಅವನ್ನು ಕಾಯುವ ಜನಬಲ ಕರಗಿತು. ಯುವಕರು ಸರ್ಕಾರಗಳಿಂದ ಮಾತು ಪಡೆಯುವುದರಲ್ಲಿ ಗೆದ್ದಿದ್ದಾರೆ. ಮಾತು ಉಳಿಸಿಕೊಳ್ಳುವಂತೆ ಮಾಡುವುದರಲ್ಲಿ ಇನ್ನೂ ಗೆದ್ದಿಲ್ಲ. ಇದು ನನ್ನ ತೀರ್ಮಾನ.

ನಮ್ಮ ಯುವಕರು ಮುಂದಿನ ದೊಡ್ಡ ಚುನಾವಣೆಗೆ ಕಾಯಬೇಕಿಲ್ಲ. ಎಸ್ಕಾಂಗಳು ದರ ಏರಿಕೆಯ ಅರ್ಜಿ ಹಾಕಿದಾಗ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಆಕ್ಷೇಪಣೆ ಕರೆಯುತ್ತದೆ, ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಗ್ರಾಹಕರು ಅಲ್ಲಿ ಮಾತಾಡಬಹುದು. ಗ್ರಾಮಸಭೆಯಲ್ಲಿ ಶಾಲೆಯ ಚಾವಣಿಗೆ ಸೌರ ಫಲಕ ಕೇಳಬಹುದು. ಹದಿನೆಂಟು ತುಂಬಿದ ಕೂಡಲೇ ಪಟ್ಟಿಗೆ ಹೆಸರು ಸೇರಿಸಿ, ಜೊತೆಗಾರರದನ್ನೂ ಸೇರಿಸಿ. ಪಂಚಾಯಿತಿಯಿಂದ ಪಾರ್ಲಿಮೆಂಟಿನವರೆಗೆ ಮತ ಕೇಳಲು ಬಂದ ಪ್ರತಿಯೊಬ್ಬರನ್ನೂ ಒಂದೇ ಪ್ರಶ್ನೆ ಕೇಳಿ: ನಮ್ಮ ಮುಂದಿನ ನಲವತ್ತು ವರ್ಷದ ವಿದ್ಯುತ್ತು ಎಲ್ಲಿಂದ ಬರುತ್ತದೆ, ಅದರ ಬೆಲೆ ಯಾರು ತೆರುತ್ತಾರೆ? ಕೊಟ್ಟ ಉತ್ತರ ಬರೆದಿಟ್ಟುಕೊಳ್ಳಿ, ಗೆದ್ದ ಮೇಲೆ ಅದನ್ನು ಹಿಡಿದು ಅವರ ಬಾಗಿಲಿಗೆ ಹೋಗಿ.